ಮೇಲಿನ ಮನೆಯ ಸದ್ದು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಸದ್ದಮ್ಮ ಎಂದು ಕರೆಯುತ್ತಿದ್ದರು. ಮೊದಮೊದಲು ಯಾರೋ ತಮಾಷೆಗೆ ಅಂದದ್ದು, ಇಪ್ಪತ್ತಾರು ವರ್ಷದಲ್ಲಿ ಅದೇ ಹೆಸರಾಗಿ ನಿಂತುಬಿಟ್ಟಿತ್ತು. ಸಿನಿಮಾದಲ್ಲಿ ಒಬ್ಬ ಇನ್ನೊಬ್ಬನ ಕೆನ್ನೆಗೆ ಬಾರಿಸಿದರೆ ಆ ಸದ್ದು ಕೆನ್ನೆಯಿಂದ ಬರುವುದಿಲ್ಲ. ನಟನ ಕೈ ಕೆನ್ನೆಗೆ ತಾಗಿಯೇ ಇರುವುದಿಲ್ಲ. ಚಿತ್ರೀಕರಣವೆಲ್ಲ ಮುಗಿದ ಮೇಲೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಪರದೆಯ ಮುಂದೆ ಬರಿಗಾಲಲ್ಲಿ ನಿಂತು, ಮೈಕಿನಿಂದ ಒಂದು ಗೇಣು ದೂರದಲ್ಲಿ ಸದ್ದಮ್ಮ ಆ ಏಟನ್ನು ಹುಟ್ಟಿಸುತ್ತಿದ್ದಳು.

ಅವಳ ಸಾಮಾನುಗಳನ್ನು ನೋಡಿದವರು ಇದು ಸಂತೆಯೋ ಗುಜರಿ ಅಂಗಡಿಯೋ ಎಂದು ಗೊಂದಲಕ್ಕೆ ಬೀಳುತ್ತಿದ್ದರು. ಕೆನ್ನೆಯೇಟಿಗೆ ಒದ್ದೆ ಮಾಡಿದ ಚರ್ಮದ ತುಂಡು. ಹೊಟ್ಟೆಗೆ ಗುದ್ದಿದರೆ ಹಳೇ ಬಟ್ಟೆ ತುರುಕಿದ ಚರ್ಮದ ಚೀಲ. ಮೂಳೆ ಮುರಿದರೆ ಟವೆಲಿನಲ್ಲಿ ಸುತ್ತಿದ ಕ್ಯಾರೆಟ್ಟು, ಚೂರಿ ಇಳಿದರೆ ಎಲೆಕೋಸು, ಹೆಣ ಬಿದ್ದರೆ ಮರಳಿನ ಮೂಟೆ. ಕೆಲಸ ಮುಗಿದ ಮೇಲೆ ಅಳಿದುಳಿದ ಕೋಸು, ಕ್ಯಾರೆಟ್ಟು ಅವಳ ಜೊತೆಗೇ ಮನೆಗೆ ಬರುತ್ತಿದ್ದವು. ಮಗಳು ಚಿಕ್ಕವಳಿದ್ದಾಗ ಪಾತ್ರೆಯೊಳಗೆ ಇಣುಕಿ, "ಅಮ್ಮಾ, ಇವತ್ತು ಯಾರನ್ನ ಬೇಯಿಸ್ತಿದೀಯ?" ಎಂದು ಕೇಳುತ್ತಿದ್ದಳು. "ಖಳನಾಯಕನ ತಮ್ಮನ್ನ," ಎನ್ನುತ್ತಿದ್ದಳು ತಾಯಿ. ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದರು.

ಗಂಡ ಕಾಯಿಲೆ ಬಿದ್ದು ತೀರಿಹೋದಾಗ ಆ ಮಗಳಿಗೆ ಏಳು ವರ್ಷ. ಈ ಕೆಲಸ ಮಾಡಿಕೊಂಡೇ ಸದ್ದಮ್ಮ ಅವಳನ್ನು ಓದಿಸಿ ಬೆಳೆಸಿದಳು. ಮಗಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಒಂದು ಕಾಮಾ ತಪ್ಪಿದ್ದರೂ ಅವಳ ಕಣ್ಣಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ಕಣ್ಣು ಪರೀಕ್ಷೆಗೆಂದು ಹೋದ ಕನ್ನಡಕದ ಅಂಗಡಿಯಲ್ಲಿಯೇ ಅವಳಿಗೆ ಹುಡುಗನೂ ಸಿಕ್ಕ. ಮೆತ್ತಗಿನ ಮಾತು, ಇಸ್ತ್ರಿ ಕೆಡದ ಅಂಗಿ. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸುವಾಗ ಹೂವು ಮುಟ್ಟಿದಷ್ಟು ಹಗುರ ಅವನ ಕೈ. ಸೊಳ್ಳೆ ಹೊಡೆಯುವ ಮೊದಲು ಅದರ ಕ್ಷಮೆ ಕೇಳುವಂಥ ಅಳಿಯ ಸಿಕ್ಕಿದ್ದಾನೆ ಎಂದು ಸದ್ದಮ್ಮ ಸ್ಟುಡಿಯೋದಲ್ಲೆಲ್ಲ ಹೇಳಿಕೊಂಡು ತಿರುಗಿದಳು. ತಾನಿದ್ದ ಕಟ್ಟಡದಲ್ಲಿ, ಸರಿಯಾಗಿ ತನ್ನ ತಲೆಯ ಮೇಲಿನ ಮನೆ ಖಾಲಿಯಾದಾಗ, ಓಡಾಡಿ ಅದನ್ನು ಅವರಿಗೇ ಕೊಡಿಸಿದಳು. ಮಗಳು ಇಪ್ಪತ್ತು ಮೆಟ್ಟಿಲು ದೂರದಲ್ಲಿದ್ದಾಳೆ ಎಂದರೆ ಯಾವ ತಾಯಿಗೆ ಬೇಡ?

ಅಳಿಯನಿಗೆ ಫೈಟ್ ಸಿನಿಮಾ ಎಂದರೆ ಪ್ರಾಣ. ಅದರಲ್ಲೂ ಅತ್ತೆ ಸದ್ದು ಮಾಡಿದ ಒಂದು ಸಿನಿಮಾ ಅವನಿಗೆ ಬಾಯಿಪಾಠವಾಗಿತ್ತು. ಅದರಲ್ಲಿ ನಾಯಕ ಒಂದು ಗೋದಾಮಿನೊಳಗೆ ನುಗ್ಗಿ ಹನ್ನೊಂದು ಜನರನ್ನು ಬಡಿದು ಹಾಕುತ್ತಾನೆ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು, ಮೂವತ್ತೆಂಟು ಏಟು. ಮೂರು ದಿನ ನಿಂತು ಆ ಮೂವತ್ತೆಂಟನ್ನೂ ಮಾಡಿದವಳು ಸದ್ದಮ್ಮ.

"ಅತ್ತೆ, ನಿಮ್ಮ ಇಪ್ಪತ್ತೆರಡನೇ ಏಟು ಇದೆಯಲ್ಲ, ಎದೆ ಮೇಲೆ ಕಬ್ಬಿಣದ ರಾಡು ಬೀಳೋದು... ನಂಗೆ ಪ್ರತಿ ಸಲ ಮೈ ಜುಮ್ ಅನ್ನತ್ತೆ," ಎನ್ನುತ್ತಿದ್ದ.

"ಅಯ್ಯೋ, ಅದು ಹಳೇ ಸೂಟ್‌ಕೇಸಪ್ಪ!" ಎಂದು ಅವಳು ಉಬ್ಬಿಹೋಗುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳ ಏಟುಗಳನ್ನು ಎಣಿಸಿ ಕೇಳಿದ ಪ್ರೇಕ್ಷಕ ಅವನೊಬ್ಬನೇ.

ಆ ಕಟ್ಟಡದ ಚಾವಣಿಗಳು ತೆಳು. ಮೇಲೆ ಕುರ್ಚಿ ಎಳೆದರೆ ಕೆಳಗೆ ತಿಳಿಯುತ್ತಿತ್ತು. ಸಂಜೆ ಏಳರ ಹೊತ್ತಿಗೆ ಮೇಲಿನ ಮನೆಯ ಟಿವಿ ಶುರುವಾಗುತ್ತಿತ್ತು, ವಾರದಲ್ಲಿ ಒಂದೆರಡು ಸಲವಾದರೂ ಗೋದಾಮಿನ ಫೈಟು ಧಡ್ ಧಡ್ ಎಂದು ಇಳಿದು ಬರುತ್ತಿತ್ತು. ಚಹಾ ಹಿಡಿದು ಕೂತ ಸದ್ದಮ್ಮ ತಲೆಯೆತ್ತಿ ಕೇಳಿಸಿಕೊಳ್ಳುವಳು. ಅಗೋ, ಅದು ಮರಳಿನ ಮೂಟೆ. ಇನ್ನೇನು ಈಗ ಕ್ಯಾರೆಟ್ಟು ಬರುತ್ತೆ. ಬಂತು! ಒಬ್ಬಳೇ ಕೂತು ತಲೆದೂಗುವಳು.

ಮದುವೆಯಾಗಿ ವರ್ಷ ಕಳೆಯುವಷ್ಟರಲ್ಲಿ ಮಗಳು ಕೆಳಗಿಳಿದು ಬರುವುದು ಕಡಿಮೆಯಾಯಿತು. ಬಂದರೂ ಸುಡು ಬೇಸಗೆಯಲ್ಲಿ ತುಂಬುತೋಳಿನ ಅಂಗಿ. ಒಂದು ದಿನ ಅವಳ ದವಡೆಯ ಕೆಳಗೆ ಹಳದಿಗೆ ತಿರುಗಿದ ನೀಲಿ ಕಲೆ ಕಂಡಿತು.

"ಏನೇ ಅದು?"

"ಅಡುಗೆಮನೆ ಕಪಾಟಿನ ಬಾಗಿಲಮ್ಮ. ನೆಟ್ಟಗೆ ಮುಚ್ಚಲ್ಲ, ಬಗ್ಗಿ ಏಳುವಾಗ ತಗುಲ್ತು."

ಸದ್ದಮ್ಮ ಮರುದಿನವೇ ಬಡಗಿಯನ್ನು ಕರೆಸಿದಳು. ಅವನು ಬಾಗಿಲನ್ನು ನಾಲ್ಕು ಸಲ ತೆರೆದು ಮುಚ್ಚಿ, ಕೀಲು ಮುಟ್ಟಿ ನೋಡಿ, "ಸರಿಯಾಗೇ ಇದೆಯಲ್ಲಮ್ಮ. ಏನು ಮಾಡ್ಲಿ ಇದಕ್ಕೆ?" ಎಂದ. "ಬಂದಿದೀಯ, ಒಂಚೂರು ಎಣ್ಣೆ ಬಿಟ್ಟು ಹೋಗು," ಎಂದಳು ಸದ್ದಮ್ಮ. ಮಗಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಬಡಗಿಯ ಮಾತು ಸದ್ದಮ್ಮನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ಹೋಗಲು ಅವಳು ಬಿಡಲಿಲ್ಲ ಎಂದರೂ ಸರಿಯೇ.

ಅದೊಂದು ಭಾನುವಾರದ ಸಂಜೆ, ಇನ್ನೂ ಬೆಳಕಿತ್ತು. ಸದ್ದಮ್ಮ ಕೆಲಸಕ್ಕೆ ಬಳಸುವ ಬೂಟು ಚಪ್ಪಲಿಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಒರೆಸುತ್ತ ಕೂತಿದ್ದಳು. ಮೇಲೆ ಟಿವಿ ಎಂದಿಗಿಂತ ಜೋರಾಗಿತ್ತು. ಗೋದಾಮಿನ ಫೈಟು ಬಂದು ಮುಗಿಯಿತು. ಒಂದು ಗಳಿಗೆ ಬಿಟ್ಟು ಅದೇ ಫೈಟು ಮತ್ತೆ ಮೊದಲಿನಿಂದ. 'ಪುಣ್ಯಾತ್ಮ, ಎರಡನೇ ಸಲ ಹಾಕಿದಾನೆ' ಎಂದುಕೊಂಡು ನಕ್ಕಳು.

ಆ ನಗು ಮಾಸುವ ಮೊದಲೇ ಮೇಲೆ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಮಗಳ ಎದುರು ಮನೆಯಲ್ಲಿ ನಿವೃತ್ತರಾದ ಗಣಿತದ ಮೇಷ್ಟ್ರೊಬ್ಬರಿದ್ದರು. ಟಿವಿಯ ಗದ್ದಲಕ್ಕೆ ರೋಸಿಹೋಗಿ, ಕಟ್ಟಡದ ಸಂಘಕ್ಕೆ ದೂರು ಕೊಡಲೆಂದು ಮೊಬೈಲಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಂಡು, ಕೊನೆಗೆ ತಾಳಲಾರದೆ ಬಾಗಿಲು ಬಡಿದಿದ್ದರು. ಅಳಿಯ ಬಾಗಿಲು ಅರ್ಧ ತೆರೆದು, "ಸಾರಿ ಮೇಷ್ಟ್ರೇ, ಕಡಿಮೆ ಮಾಡ್ತೀನಿ," ಎಂದನಂತೆ, ಎಂದಿನ ಮೆತ್ತಗಿನ ದನಿಯಲ್ಲಿ. ಅವನ ಭುಜದ ಹಿಂದೆ, ನೆಲದ ಮೇಲೆ, ಮೇಷ್ಟ್ರಿಗೆ ಒಂದು ಕಾಲು ಕಾಣಿಸಿತು.

"ಅಮ್ಮಾ! ಮೇಲೆ ಬನ್ನಿ! ಬೇಗ ಬನ್ನಿ!" ಮೇಷ್ಟ್ರು ಮೆಟ್ಟಿಲ ಮೇಲಿಂದ ಕೂಗಿದರು.

ಸದ್ದಮ್ಮ ಬರಿಗಾಲಲ್ಲಿ ಓಡಿದಳು. ಮಗಳು ಸೋಫಾದ ಪಕ್ಕದಲ್ಲಿ ಬಲಮಗ್ಗುಲಾಗಿ ಬಿದ್ದಿದ್ದಳು. ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ದವಡೆ ಇರಬೇಕಾದ ಕಡೆ ಇರಲಿಲ್ಲ. ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಟಿವಿಯಲ್ಲಿ ಫೈಟು ನಡೆದೇ ಇತ್ತು. ಅಳಿಯ ರಿಮೋಟು ಹಿಡಿದುಕೊಂಡೇ ನಿಂತಿದ್ದ.

ಮಗಳ ದವಡೆ ಎರಡು ಕಡೆ ಮುರಿದಿತ್ತು. ಅದನ್ನು ತಂತಿ ಹಾಕಿ ಬಿಗಿದರು. ಆರು ವಾರ ಬಾಯಿ ತೆರೆಯುವ ಹಾಗಿಲ್ಲ. ಎಡಗಿವಿಯ ಕಥೆ ಮುಗಿಯಿತು ಎಂದರು ಕಿವಿಯ ಡಾಕ್ಟರು. "ತಮಟೆ ಹರಿದಿದ್ರೆ ಹೊಲಿಬಹುದಿತ್ತು. ಒಳಗಿನ ನರಾನೇ ಹೋಗಿದೆ. ಇದು ಒಂದು ದಿನದ ಏಟಲ್ಲ," ಎಂದರು. ಮಗಳು ಯಾರನ್ನೂ ನೋಡುತ್ತಿರಲಿಲ್ಲ. ಬರೆದು ಹೇಳಲಿ ಎಂದು ಹಾಸಿಗೆಯ ಪಕ್ಕ ಇಟ್ಟ ಕಾಗದ ಪೆನ್ಸಿಲನ್ನು ಮುಟ್ಟುತ್ತಲೂ ಇರಲಿಲ್ಲ.

ಪೊಲೀಸರ ಮುಂದೆ ಅಳಿಯ ಗಳಗಳನೆ ಅತ್ತ. ಹೊಡೆದದ್ದನ್ನು ಒಪ್ಪಿಕೊಂಡ. ಇದೇ ಮೊದಲು ಎಂದ. ಆ ಸಿನಿಮಾ ನೋಡುತ್ತ ನೋಡುತ್ತ ತನಗೆ ಮೈಮೇಲೆ ಪ್ರಜ್ಞೆಯೇ ಇರಲಿಲ್ಲ, ಕೈ ತಾನೇ ಎದ್ದಿತು, ಪರದೆಯ ಮೇಲೆ ಯಾರು, ಎದುರಿಗೆ ಯಾರು ಎಂಬುದೇ ಗೊತ್ತಾಗಲಿಲ್ಲ ಎಂದ. ಅವನ ವಕೀಲರು ಆ ಮಾತನ್ನು ಹಿಡಿದುಕೊಂಡರು. ಟಿವಿಯವರಿಗೆ ಹಬ್ಬ. ನಾಲ್ಕು ಜನರನ್ನು ಕೂರಿಸಿಕೊಂಡು ಸಿನಿಮಾ ಸಮಾಜವನ್ನು ಕೆಡಿಸುತ್ತದೋ ಇಲ್ಲವೋ ಎಂದು ಕಿರುಚಾಡಿಸಿದರು. ಒಬ್ಬರು ಎಲ್ಲ ಫೈಟುಗಳನ್ನೂ ನಿಷೇಧಿಸಿ ಎಂದರು, ಇನ್ನೊಬ್ಬರು ಸಿನಿಮಾ ಹುಟ್ಟುವ ಮೊದಲು ಜನ ಹೆಂಡಿರಿಗೆ ಹೊಡೆಯುತ್ತಿರಲಿಲ್ಲವೇ ಎಂದರು. ಆಸ್ಪತ್ರೆಯಲ್ಲಿ ಮಲಗಿದ್ದವಳ ಸುದ್ದಿ ಯಾರಿಗೂ ಬೇಕಿರಲಿಲ್ಲ.

ಬೀಗತಿ, ಅಂದರೆ ಅಳಿಯನ ತಾಯಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಸದ್ದಮ್ಮನನ್ನು ಹುಡುಕಿಕೊಂಡು ಬಂದಳು. ಅತ್ತು ಅತ್ತು ಅವಳ ಮುಖವೂ ಊದಿತ್ತು.

"ನನ್ನ ಮಗ ಇರುವೆ ತುಳಿದವನಲ್ಲ. ಬೆಳಗಿಂದ ಸಂಜೆವರೆಗೆ ಹೊಡಿ ಬಡಿ ಅಂತ ತಲೆಗೆ ತುಂಬಿದ್ದು ಯಾರು? ನೀವು. ಇಪ್ಪತ್ತಾರು ವರ್ಷ ಏಟು ಮಾರಿದ್ರಲ್ಲ, ಒಂದು ನಿಮ್ಮ ಮನೆಗೇ ಬಂತು. ಈಗ ನನ್ನ ಮಗನ್ನ ಮಾತ್ರ ಕಟಕಟೇಲಿ ನಿಲ್ಲಿಸ್ತೀರಾ?"

ಆ ಮಾತು ಸದ್ದಮ್ಮನ ಎದೆಗೆ ನಾಟಿಬಿಟ್ಟಿತು. ಮನೆಗೆ ಬಂದು ಚರ್ಮದ ಚೀಲ, ಮರಳಿನ ಮೂಟೆ, ಸೂಟ್‌ಕೇಸು ಎಲ್ಲವನ್ನೂ ಹಿಂದಿನ ಕೋಣೆಗೆ ತಳ್ಳಿ ಬೀಗ ಹಾಕಿದಳು. ಸ್ಟುಡಿಯೋದ ಸೌಂಡ್ ಇಂಜಿನಿಯರ್ ಅವಳಿಗಿಂತ ಹತ್ತು ವರ್ಷ ಚಿಕ್ಕವನು, ಅಕ್ಕ ಎಂದೇ ಕರೆಯುವವನು. ಅವನು ಮನೆಗೇ ಬಂದ.

"ಅಕ್ಕ, ತಲೆ ಕೆಡಿಸ್ಕೋಬೇಡ. ಆ ಸಿನಿಮಾನ ಎಷ್ಟು ಲಕ್ಷ ಜನ ನೋಡಿದಾರೆ? ಅವರೆಲ್ಲ ಮನೆಗೆ ಹೋಗಿ ಹೆಂಡತಿ ದವಡೆ ಮುರಿದ್ರಾ?"

"ಎಲ್ಲರೂ ಮುರೀಬೇಕಾ? ಒಬ್ಬ ಮುರಿದ್ರೆ ಸಾಲ್ದಾ?"

"ಹಂಗಂದ್ರೆ ಚಾಕು ಮಾಡೋ ಕಮ್ಮಾರ..."

"ಕಮ್ಮಾರ ಚಾಕು ಹಿಂಗೆ ಹಾಕಿದ್ರೆ ಚೆಂದ ಅಂತ ಹೇಳಿ ಕೊಡಲ್ಲ ಕಣೋ. ನಾನು ಅದನ್ನೇ ಮಾಡಿದ್ದು. ಏಟನ್ನ ಚೆಂದ ಮಾಡ್ದೆ. ಕೇಳಿದವರಿಗೆ ಮೈ ಜುಮ್ ಅನ್ನೋ ಹಂಗೆ ಮಾಡ್ದೆ."

ಅವನು ತಣ್ಣಗಾದ ಚಹಾ ಕುಡಿದು ಎದ್ದುಹೋದ.

ಮೂರನೇ ವಾರ ಮೇಷ್ಟ್ರು ಬಂದರು. ತಾವು ಅಂದು ಮಾಡಿಕೊಂಡಿದ್ದ ರೆಕಾರ್ಡಿಂಗನ್ನು ಪೊಲೀಸರಿಗೆ ಕೊಟ್ಟಿದ್ದೇನೆ, ಆದರೆ ಪ್ರಯೋಜನವಿಲ್ಲವಂತೆ ಎಂದರು. "ಹನ್ನೆರಡು ನಿಮಿಷ ಇದೆಯಮ್ಮ. ಬರೀ ಸಿನಿಮಾ ಸದ್ದು, ಬೇರೇನೂ ಇಲ್ಲ ಅಂದ್ರು." ಬಾಗಿಲ ಆಚೆ ಫೋನು ಹಿಡಿದು ನಿಂತಿದ್ದ ಆ ಹನ್ನೆರಡು ನಿಮಿಷ ಅವರನ್ನೂ ತಿನ್ನುತ್ತಿತ್ತು.

"ನಾನೊಂದ್ಸಲ ಕೇಳ್ಬೇಕು," ಎಂದಳು ಸದ್ದಮ್ಮ.

ತನಿಖೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್ ಹೆಂಗಸು. ಮೊದಲು ಹಿಂದೆಮುಂದೆ ನೋಡಿದಳು, ಆಮೇಲೆ, "ಸಂತ್ರಸ್ತೆಯ ತಾಯಿ ನೀವು. ಒಬ್ಬರೇ ಕೇಳಿದ್ರೆ ನಾಳೆ ಕೋರ್ಟಲ್ಲಿ ನಿಲ್ಲಲ್ಲ, ನಾನೂ ಜೊತೆಗಿರ್ತೀನಿ," ಎಂದು ತಾನೇ ಸ್ಟುಡಿಯೋಗೆ ಬಂದಳು. ಇಂಜಿನಿಯರ್ ಸಿನಿಮಾದ ಮೂಲ ಧ್ವನಿಯನ್ನೂ ಮೇಷ್ಟ್ರ ರೆಕಾರ್ಡಿಂಗನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ಹರಡಿದ. ಸದ್ದಮ್ಮ ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿದಳು.

ಒಂದು, ಒದ್ದೆ ಚರ್ಮ. ಎರಡು, ಬಟ್ಟೆಯ ಚೀಲ. ಮೂರು, ನಾಲ್ಕು, ಮತ್ತೆ ಚೀಲ. ಐದು, ಮರದ ಹಲಗೆ. ಆರು. ಏಳು...

"ನಿಲ್ಲಿಸು."

"ಏನಕ್ಕ?"

"ಏಳರ ಅಡಿ ಏನೋ ಇದೆ. ಅದು ನಂದಲ್ಲ."

"ಗೋಡೆ ಪ್ರತಿಧ್ವನಿ ಇರಬೇಕು."

"ನಾನು ಹೆತ್ತ ಮಕ್ಕಳನ್ನ ನಾನು ಗುರುತಿಸಲ್ವೇನೋ? ನಂದಲ್ಲ ಅದು. ಸಿನಿಮಾ ಸದ್ದನ್ನ ತೆಗಿ."

ಇಂಜಿನಿಯರ್ ಎರಡನ್ನೂ ಕೂಡಿಸಿ ಕಳೆದು, ಸಿನಿಮಾದ ಸದ್ದನ್ನು ಆದಷ್ಟು ಅಳಿಸುತ್ತ ಹೋದ. ಅರ್ಧ ದಿನ ಹಿಡಿಯಿತು. ಕೊನೆಗೆ ಅಡಿಯಲ್ಲಿ ಉಳಿದದ್ದು ಕೇಳಿಸಿತು. ಅದು ಧಡ್ ಅನ್ನಲಿಲ್ಲ, ಛಟೀರ್ ಅನ್ನಲಿಲ್ಲ. ಮಡಿಸಿದ ಒದ್ದೆ ಬಟ್ಟೆಯನ್ನು ಯಾರೋ ಕೈತಪ್ಪಿ ನೆಲಕ್ಕೆ ಬಿಟ್ಟ ಹಾಗೆ, ಅಷ್ಟೇ. ಆಮೇಲೆ ಒಂದು ಉಸಿರು. ಸದ್ದಮ್ಮನಿಗೆ ಆ ಉಸಿರು ಗೊತ್ತಿತ್ತು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಮಗಳು ಹಾಗೆ ಉಸಿರೆಳೆಯುತ್ತಿದ್ದಳು.

ಏಳನೆಯದರ ಅಡಿ ಒಂದು. ಹನ್ನೊಂದರ ಅಡಿ ಒಂದು. ಹನ್ನೆರಡು, ಹದಿನೇಳು. ಸೂಟ್‌ಕೇಸಿನ ಇಪ್ಪತ್ತೆರಡು. ಫೈಟಿನ ನಡುವೆ ನಾಯಕ ಕಬ್ಬಿಣದ ರಾಡು ಊರಿ ನಿಂತು, ಮುಖ ಒರೆಸಿಕೊಂಡು, ಒಂದು ಡೈಲಾಗು ಹೊಡೆಯುವ ಹದಿನಾಲ್ಕು ಸೆಕೆಂಡು ಇದೆ. ಆ ಹದಿನಾಲ್ಕು ಸೆಕೆಂಡಿನಲ್ಲಿ ಒಂದೂ ಇಲ್ಲ. ಮಗಳ ಉಸಿರು ಮಾತ್ರ. ಡೈಲಾಗು ಮುಗಿದು ಮತ್ತೆ ರಾಡು ಎದ್ದಿತು, ಅದರ ಜೊತೆಗೇ ಕೆಳಗಿನ ಸದ್ದೂ ಬಂತು. ಒಟ್ಟು ಒಂಬತ್ತು. ಫೈಟು ಮುಗಿಯಿತು. ಸಿನಿಮಾ ಮುಂದಕ್ಕೆ ಹೋಗಲಿಲ್ಲ. ಕತ್ತರಿಸಿ, ತಡವರಿಸಿ, ಹಿಂದಕ್ಕೆ ಹೋಯಿತು. ಗೋದಾಮಿನ ಬಾಗಿಲು ಮತ್ತೆ ತೆರೆಯಿತು. ಎರಡನೇ ಸುತ್ತಿನಲ್ಲಿ ಇನ್ನೂ ನಾಲ್ಕು, ಆಮೇಲೆ ಮೇಷ್ಟ್ರು ಬಾಗಿಲು ಬಡಿದದ್ದು.

ಇಂಜಿನಿಯರ್ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಗೋಡೆ ನೋಡುತ್ತ ಕೂತ.

"ಕಾಯ್ತಿದ್ದ," ಎಂದಳು ಸದ್ದಮ್ಮ. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ಕೈ ಎತ್ಕೊಂಡು ನನ್ನ ಏಟಿಗೆ ಕಾಯ್ತಿದ್ದ. ಏಟು ಸಾಲ್ದೆ ಬಂದಾಗ ಹಿಂದಕ್ಕೆ ಓಡಿಸಿ ಮತ್ತೆ ಹಾಕ್ಕೊಂಡಿದಾನೆ."

ಇನ್‌ಸ್ಪೆಕ್ಟರ್ ನೀರು ಕೊಟ್ಟಳು. "ಮೈಮೇಲೆ ಪ್ರಜ್ಞೆ ಇಲ್ಲದವನು ಕಾಯಲ್ಲ," ಎಂದಳು.

ಅಲ್ಲಿಂದ ಸದ್ದಮ್ಮ ನೆಟ್ಟಗೆ ಆಸ್ಪತ್ರೆಗೆ ಹೋದಳು. ಮಗಳ ಬಲಗಿವಿಯ ಕಡೆ ಸ್ಟೂಲು ಎಳೆದುಕೊಂಡು ಕೂತು, ಕೇಳಿದ್ದನ್ನೆಲ್ಲ ಹೇಳಿದಳು. ಮಗಳು ಮೊದಲ ಬಾರಿಗೆ ಪೆನ್ಸಿಲು ತೆಗೆದುಕೊಂಡಳು. ಕರಡು ತಿದ್ದುವವಳ ದುಂಡಗಿನ ಅಕ್ಷರ: 'ಯಾವಾಗಲೂ ಹಾಗೇ. ಮೊದಲು ಕಿಟಕಿ, ಆಮೇಲೆ ಟಿವಿ. ಹದಿನಾಲ್ಕು ತಿಂಗಳು. ಕೂಗಿದರೆ ಇನ್ನೂ ಜೋರು ಮಾಡುತ್ತಿದ್ದ.' ಸ್ವಲ್ಪ ತಡೆದು ಕೆಳಗೆ ಇನ್ನೊಂದು ಸಾಲು ಬರೆದಳು: 'ಅಂಗಡಿಯ ಮಾಲೀಕ ಎಲ್ಲರೆದುರು ಬೈದ ದಿನವೂ ಅವನು ಅಲ್ಲಿ ಕೈ ಎತ್ತಿರಲಿಲ್ಲ. ನಕ್ಕುಕೊಂಡೇ ಮನೆಗೆ ಬಂದಿದ್ದ.'

ವಿಚಾರಣೆಯ ದಿನ ಸದ್ದಮ್ಮ ಸಾಕ್ಷಿಯಾಗಿ ನಿಂತಳು. ತಂತಿ ತೆಗೆದಿದ್ದರೂ ಮಗಳಿಗೆ ಹೆಚ್ಚು ಹೊತ್ತು ಮಾತಾಡಲು ಇನ್ನೂ ಆಗುತ್ತಿರಲಿಲ್ಲ. ಅವಳ ಹೇಳಿಕೆಯನ್ನು ಬರೆದು ಕೊಟ್ಟಿದ್ದರು. ಅಳಿಯನ ವಕೀಲರು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು.

"ಎಲೆಕೋಸು ಕತ್ತರಿಸಿ ಅದು ಮನುಷ್ಯನ ಹೊಟ್ಟೆ ಅಂತ ಜನರನ್ನ ನಂಬಿಸೋದು ನಿಮ್ಮ ಕಸುಬು, ಅಲ್ವಾ?"

"ಹೌದು ಸ್ವಾಮಿ."

"ಅಂದ್ರೆ ಕಿವಿಗೆ ಮೋಸ ಮಾಡೋದು."

"ಹೌದು."

"ಇವತ್ತು ಈ ಕೋರ್ಟಿನ ಕಿವಿಗೂ ಅದನ್ನೇ ಮಾಡ್ತಿಲ್ಲ ಅಂತ ಹೇಗೆ ನಂಬೋದು?"

"ನನ್ನ ನಂಬಬೇಡಿ. ಎರಡನ್ನೂ ಹಾಕಿ ಕೇಳಿ. ನಾನು ಮಾಡಿದ ಏಟಾದ್ರೆ ನಿಮಗೆ ಚೆನ್ನಾಗಿ ಕೇಳಿಸತ್ತೆ. ಇದು ಸರಿಯಾಗಿ ಕೇಳಿಸೋದೇ ಇಲ್ಲ."

ನ್ಯಾಯಾಧೀಶರು ಹಾಕಿಸಿದರು. ಕೋರ್ಟಿನ ಹಾಲಿನಲ್ಲಿ ಒಮ್ಮೆ ಗೋದಾಮಿನ ಫೈಟು ಮೊಳಗಿತು. ಆಮೇಲೆ ಅದನ್ನು ತೆಗೆದು ಬರೀ ಅಡಿಯ ಸದ್ದನ್ನು ಕೇಳಿಸಿದರು. ಮೂರನೆಯದಕ್ಕೆ ಬೀಗತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಎದ್ದುಹೋದಳು. ಅಳಿಯ ತನ್ನ ಬೂಟನ್ನೇ ನೋಡುತ್ತಿದ್ದ. ಹದಿಮೂರೂ ಮುಗಿಯುವ ತನಕ ಸದ್ದಮ್ಮ ಕಟಕಟೆಯ ಅಂಚು ಹಿಡಿದು ನಿಂತಳು.

ವಕೀಲರು ಸೋಲೊಪ್ಪುವವರಲ್ಲ. "ಕೊನೇ ಪ್ರಶ್ನೆ. ಇಂಥ ಸಿನಿಮಾಗಳಿಂದ ಯಾರ ಮನಸ್ಸೂ ಕೆಡಲ್ಲ ಅಂತ ನೀವು ಪ್ರಮಾಣ ಮಾಡಿ ಹೇಳ್ತೀರಾ?"

"ಇಲ್ಲ ಸ್ವಾಮಿ. ಹೇಳಕ್ಕಾಗಲ್ಲ. ನಮ್ಮ ಸಿನಿಮಾದಲ್ಲಿ ಏಟು ತಿಂದವನಿಗೆ ನೋವಿರಲ್ಲ, ಹೊಡೆದವನಿಗೆ ಕೈ ಊದಲ್ಲ. ಅದನ್ನ ನೋಡಿ ನೋಡಿ ಜನರ ಒಳಗೆ ಏನಾಗತ್ತೋ ನಂಗೆ ಗೊತ್ತಿಲ್ಲ. ನನ್ನ ಪಾಲಿಂದು ನಾನು ಹೊರ್ತೀನಿ. ಆದ್ರೆ ಇವನ ವಿಷಯ ಗೊತ್ತು. ಇವನು ಕಿಟಕಿ ಮುಚ್ಚಿದ. ತಪ್ಪು ಅಂತ ಗೊತ್ತಿಲ್ಲದವನು ಕಿಟಕಿ ಯಾಕೆ ಮುಚ್ತಾನೆ?"

ಏಳು ವರ್ಷ ಶಿಕ್ಷೆಯಾಯಿತು. ಟಿವಿಯವರು ಅಷ್ಟರಲ್ಲಿ ಬೇರೆ ವಿಷಯಕ್ಕೆ ಹೋಗಿದ್ದರು.

ಬೇರೆ ಕಸುಬು ಗೊತ್ತಿಲ್ಲದ ಸದ್ದಮ್ಮ ನಾಲ್ಕು ತಿಂಗಳ ನಂತರ ಬೀಗ ತೆಗೆದು ಸಾಮಾನನ್ನೆಲ್ಲ ಸ್ಟುಡಿಯೋಗೆ ಒಯ್ದಳು. ಮೊದಲು ಬಂದ ಸಿನಿಮಾದಲ್ಲೇ ಗಂಡ ಹೆಂಡತಿಗೆ ಹೊಡೆಯುವ ದೃಶ್ಯವಿತ್ತು. ಅವಳು ಚರ್ಮದ ತುಂಡನ್ನು ಬದಿಗಿಟ್ಟು, ಒದ್ದೆ ಬಟ್ಟೆಯೊಂದನ್ನು ಮಡಿಸಿ, ಮೆಲ್ಲಗೆ ಕೈಬಿಟ್ಟಳು. ನಿರ್ದೇಶಕ ಎರಡು ಸಲ ಕೇಳಿದ.

"ಏನಮ್ಮ ಇದು? ಹೊಡೆದ ಹಾಗೇ ಇಲ್ಲವಲ್ಲ."

"ನಿಜವಾಗಿ ಹಿಂಗೇ ಇರತ್ತಪ್ಪ."

"ನಿಜ ಇರಬಹುದು. ಹಿಂದಿನ ಸೀಟಲ್ಲಿ ಕೂತವನಿಗೆ ಕೇಳಿಸಬೇಕಲ್ಲ?"

ಅವಳು ಒಪ್ಪಲಿಲ್ಲ. ಆ ಒಂದು ಏಟನ್ನು ಬೇರೆ ಯಾರ ಕೈಯಲ್ಲೋ ಮಾಡಿಸಿಕೊಂಡರು. ಉಳಿದ ಫೈಟುಗಳನ್ನು ಸದ್ದಮ್ಮನೇ ಮಾಡಿದಳು, ಮೊದಲಿನಷ್ಟೇ ಚೆನ್ನಾಗಿ. ಚೆನ್ನಾಗಿ ಬಂದದ್ದನ್ನು ಮಾತ್ರ ಮತ್ತೆ ಹಾಕಿಸಿ ಕೇಳುತ್ತಿರಲಿಲ್ಲ.

ಮಗಳು ಅಮ್ಮನ ಮನೆಯಲ್ಲೇ ಇದ್ದಳು. ಕೆಲಸಕ್ಕೆ ಹೋಗತೊಡಗಿದ್ದಳು. ಮಲಗುವಾಗ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗುತ್ತಿದ್ದಳು, ಜಗತ್ತೇ ಬೇಡ ಎನ್ನುವ ಹಾಗೆ. ಒಂದು ದಿನ ಬೆಳಗ್ಗೆ, ಬಟ್ಟೆ ಮಡಿಸುತ್ತ ಕೂತಿದ್ದಾಗ, ತಲೆಯೆತ್ತದೆ ಕೇಳಿದಳು.

"ಅವತ್ತು ನೀನು ಮನೇಲೇ ಇದ್ದೆ, ಅಲ್ವಾ?"

"ಇದ್ದೆ."

"ಕೇಳಿಸ್ತಾ?"

ಸುಳ್ಳು ಹೇಳುವುದು ಸುಲಭವಿತ್ತು. ಟಿವಿ ಜೋರಿತ್ತು ಎಂದರೆ ಸಾಕಿತ್ತು. ಸದ್ದಮ್ಮನ ಕೈಯಲ್ಲಿದ್ದ ಟವೆಲು ಹಾಗೇ ನಿಂತಿತು.

"ನನ್ನ ಫೈಟು ಕೇಳಿಸ್ತು ಮಗಳೇ. ಕೇಳ್ಕೊಂಡು ಖುಷಿಪಟ್ಟೆ. ಎರಡನೇ ಸಲ ಹಾಕ್ದಾಗ ನಕ್ಕೆ. ಯಾವತ್ತೂ ಹಂಗೇ. ತಲೆ ಮೇಲೆತ್ತಿ ನನ್ನ ಏಟುಗಳನ್ನ ಎಣಿಸ್ತಾ ಕೂತಿರ್ತಿದ್ದೆ."

ಮಗಳು ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು.

"ನೀನು ಆ ಸದ್ದು ಮಾಡಿದ್ದಕ್ಕೆ ನಂಗೆ ಸಿಟ್ಟಿಲ್ಲಮ್ಮ. ನೀನು ಮಾಡದಿದ್ರೆ ಅವನು ಮಿಕ್ಸರ್ ಹಾಕ್ಕೋತಿದ್ದ, ಹಾಡು ಹಾಕ್ಕೋತಿದ್ದ. ಆದ್ರೆ ಬಡಗಿ ಬಂದು ಬಾಗ್ಲು ನೆಟ್ಟಗಿದೆ ಅಂದಾಗ ನಾನು ನಿನ್ನ ಕಡೆ ಬೆನ್ನು ಮಾಡಿ ನಿಂತಿದ್ದೆ. ಈಗ ಕೇಳ್ತಾಳೆ, ಈಗ ಕೇಳ್ತಾಳೆ ಅಂತ ಕಾಯ್ತಿದ್ದೆ. ನೀನು ಎಣ್ಣೆ ಬಿಡಿಸಿದೆ."

ಬೀಗತಿಯ ಮಾತು ನಾಟಿದ್ದ ಜಾಗ ಇಷ್ಟು ದಿನ ತಪ್ಪಾಗಿತ್ತು, ಅದು ನಾಟಬೇಕಿದ್ದದ್ದು ಆ ಕಪಾಟಿನ ಬಾಗಿಲ ಮುಂದೆ ಎಂದು ಸದ್ದಮ್ಮನಿಗೆ ತಿಳಿಯಿತು.

ಮರುತಿಂಗಳು ಮಗಳು ಮುದ್ರಣಾಲಯದ ಹತ್ತಿರ, ಜೊತೆಗೆ ಕೆಲಸ ಮಾಡುವ ಹೆಂಗಸೊಬ್ಬಳ ಮನೆಯಲ್ಲಿ ಕೋಣೆ ಹಿಡಿದಳು. ಸದ್ದಮ್ಮ ಬೇಡ ಎನ್ನಲಿಲ್ಲ. ಪೆಟ್ಟಿಗೆಯ ಒಂದು ಕಡೆ ತಾನೇ ಹಿಡಿದು ಕೆಳಗಿಳಿಸಿದಳು. ಹದಿನೈದು ದಿನಕ್ಕೊಮ್ಮೆ, ಮಗಳ ಕೆಲಸ ಬಿಡುವ ಹೊತ್ತಿಗೆ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಾಳೆ. ಇಬ್ಬರೂ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಮಗಳು ಆ ವಾರ ಹಿಡಿದ ದೊಡ್ಡ ತಪ್ಪಿನ ಕಥೆ ಹೇಳುತ್ತಾಳೆ. ಒಮ್ಮೊಮ್ಮೆ ನಗುವೂ ಬರುತ್ತದೆ. ಕ್ಷಮಿಸಿದ್ದೇನೆ ಎಂದು ಅವಳು ಹೇಳಿಲ್ಲ, ಸದ್ದಮ್ಮ ಕೇಳಿಲ್ಲ.

ಕಳೆದ ಸಲ ಹೋದಾಗ ಮಗಳು ಚೀಲದಿಂದ ಒಂದು ಕಾಗದ ತೆಗೆದು ತೋರಿಸಿದಳು. ಅವನು ಮೇಲ್ಮನವಿ ಹಾಕಿದ್ದ. ಅದರಲ್ಲೂ ಅದೇ ಮಾತು: ಹಿಂಸೆಯ ಚಿತ್ರಗಳ ಪ್ರಭಾವದಿಂದ ಮನಸ್ಸಿನ ಹಿಡಿತ ತಪ್ಪಿದ ವ್ಯಕ್ತಿ. ಮಗಳು ಅದರಲ್ಲಿದ್ದ ಎರಡು ಅಕ್ಷರದೋಷಗಳನ್ನು ಕೆಂಪು ಪೆನ್ನಿನಲ್ಲಿ ತಿದ್ದಿಟ್ಟಿದ್ದಳು.

"ಈ ಸಲ ಬರೆದು ಕೊಡಲ್ಲ. ನಾನೇ ನಿಂತು ಹೇಳ್ತೀನಿ," ಎಂದಳು.

ಸದ್ದಮ್ಮ ಲೋಟದ ಅಂಚು ಒರೆಸುತ್ತ, "ನಾನೂ ಬರ್ಲಾ?" ಎಂದಳು.

ಮಗಳು ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿದಳು.

"ಬಾ," ಎಂದಳು.